ಗಂಡ ಹೆಂಡತಿ ಇಬ್ರೇ ಆರ್‌ವೀಲಿ ಹೊರಡೋದು ಹೇಗೆ: ಫ್ರೀಮಾಂಟಿಂದ ಗ್ರ್ಯಾಂಡ್ ಕ್ಯಾನಿಯನ್, ಅಲ್ಲಿಂದ ಮಗಳ ಮನೆ

ನಾವಿಬ್ರು ಇರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ, ಮಗಳು ಅಳಿಯ ಮೊಮ್ಮಕ್ಕಳು ಅರಿಜೋನಾದ ಫೀನಿಕ್ಸ್ ಪಕ್ಕದ ಚಾಂಡ್ಲರಲ್ಲಿ, ಯಜಮಾನ್ರ ತಂಗಿ ಲಾಸ್ ಏಂಜಲೀಸ್ ಹತ್ರದ ಅರ್ವೈನಲ್ಲಿ. ಇಬ್ರೂ ರಿಟೈರ್ ಆದ್ಮೇಲೆ ಈ ಮೂರು ಊರನ್ನೂ ಒಂದೇ ಸುತ್ತಿಗೆ ಹಾಕಿ ಆರ್‌ವೀಲಿ, ಅಂದ್ರೆ ಅಡುಗೆಮನೆ, ಮಂಚ, ಟಾಯ್ಲೆಟ್ ಎಲ್ಲಾ ಒಳಗೇ ಇರೋ ಮನೆಗಾಡೀಲಿ, ಹೋಗಿ ಬರೋಕೆ ಶುರು ಮಾಡಿದ್ವಿ, ಇಲ್ಲಿವರೆಗೆ ಮೂರು ಸಲ ಆಗಿದೆ. ಹೋಗಿ ಬಂದಾಗೆಲ್ಲ ಪರಿಚಯದವರು ಫೋನ್ ಮಾಡಿ ಇಬ್ರೇ ಹೇಗೆ ಹೋಗಿ ಬರ್ತೀರಿ ಅಂತ ಅದೇ ಪ್ರಶ್ನೆ ಕೇಳ್ತಾರೆ, ಅದಕ್ಕೆ ಒಂದೇ ಕಡೆ ಬರೆದಿಡ್ತಿದೀನಿ.

ಎಲ್ಲಕ್ಕಿಂತ ಮೊದಲು ಒಂದು ವಿಷಯ. ಎರಡನೇ ಸಲ ಹೋದಾಗ ದಾರೀಲಿ ಬಾರ್‌ಸ್ಟೋ ಅನ್ನೋ ಊರ ಹತ್ರ ಬೆಳಿಗ್ಗೆ ಗಾಡಿಯ ಕೊಳಕು ನೀರು ಬಿಡೋ ಡ್ರೈನ್ ಪೈಪ್ ಬಿಚ್ಚೋಕೆ ಅಂತ ಬಗ್ಗಿದ ಯಜಮಾನ್ರಿಗೆ ಸೊಂಟ ಹಿಡ್ಕೊಂಡ್ಬಿಡ್ತು, ನೆಟ್ಟಗೆ ನಿಲ್ಲೋಕೂ ಆಗ್ಲಿಲ್ಲ, ಡ್ರೈವರ್ ಸೀಟಲ್ಲಿ ಕೂರೋ ಮಾತೇ ಇಲ್ಲ. ನಾನು ಅಲ್ಲೀವರೆಗೆ ಆ ಗಾಡೀನ ಒಂದು ಸಲವೂ ಓಡಿಸಿರಲಿಲ್ಲ. ಪೈಪ್ ಹೇಗೆ ಬಿಚ್ಚೋದು, ಯಾವ ವಾಲ್ವ್ ಮುಚ್ಚೋದು, ಕರೆಂಟ್ ವೈರ್ ಯಾವಾಗ ಎಳೆಯೋದು, ಎಲ್ಲಾನೂ ಅವರು ಮಲಗಿದ ಕಡೆಯಿಂದ ಹೇಳ್ತಾ ಹೋದ್ರು, ನಾನು ಹೊರಗೆ ನಿಂತು ಮಾಡ್ತಾ ಹೋದೆ, ಆಮೇಲೆ ಅರಿಜೋನಾದ ಕಿಂಗ್‌ಮನ್‌ವರೆಗೆ ಇನ್ನೂರು ಮೈಲಿ ನಾನೇ ಓಡಿಸ್ದೆ. ಕೈ ಬೆವೆತು ಸ್ಟೀರಿಂಗ್ ಜಾರ್ತಿತ್ತು. ಆವತ್ತಿಂದ ನಮ್ಮ ನಿಯಮ ಒಂದೇ, ಆರ್‌ವಿಯ ಪ್ರತಿಯೊಂದು ಕೆಲಸಾನೂ ಇಬ್ರಿಗೂ ಬರ್ಬೇಕು. ಓಡಿಸೋದು ಅವರು, ಅಡುಗೆ ಇವರು ಅಂತ ಹಂಚ್ಕೊಂಡು ಹೊರಡಬೇಡಿ ದಯವಿಟ್ಟು, ಅರವತ್ತು ದಾಟಿದ್ಮೇಲೆ ಇಬ್ರಲ್ಲಿ ಯಾರಿಗೆ ಯಾವತ್ತು ಹುಷಾರು ತಪ್ಪತ್ತೆ ಅಂತ ಹೇಳಕ್ಕಾಗಲ್ಲ. ಕೆಳಗೆ ಬರೆದಿರೋದನ್ನೆಲ್ಲ ಇಬ್ರೂ ಕೂತ್ಕೊಂಡು ಓದಿ.

ಗಾಡಿ ಯಾವುದು ತಗೋಬೇಕು

ಮೊದಲನೇ ಸಲವೇ ಕೊಂಡ್ಕೋಬೇಡಿ, ಬಾಡಿಗೆಗೆ ತಗೊಳ್ಳಿ. ಆರ್‌ವಿಗಳಲ್ಲಿ ಕ್ಲಾಸ್ ಎ ಅಂದ್ರೆ ಬಸ್ಸಿನ ಥರ ದೊಡ್ಡದು, ಕ್ಲಾಸ್ ಬಿ ಅಂದ್ರೆ ವ್ಯಾನ್, ಕ್ಲಾಸ್ ಸಿ ಅಂದ್ರೆ ಮುಂದೆ ವ್ಯಾನಿನ ಮೂತಿ, ಅದರ ತಲೆ ಮೇಲೆ ಒಂದು ಮಂಚ, ಹಿಂದೆ ಮನೆ. ನಮ್ಮಂಥ ಇಬ್ರಿಗೆ 25 ಅಡಿಯ ಕ್ಲಾಸ್ ಸಿ ಸಾಕು. ಮೊಮ್ಮಕ್ಕಳು ಬಂದ್ರೆ ಮೇಲಿನ ಮಂಚಕ್ಕೆ ಹತ್ತಿದ್ಮೇಲೆ ಇಳಿಯೋದೇ ಬೇಡ ಅಂತಾರೆ. 30 ಅಡಿ ಒಳಗಿದ್ರೆ ಇನ್ನೊಂದು ಲಾಭ, ಗ್ರ್ಯಾಂಡ್ ಕ್ಯಾನಿಯನ್ನಿನ ಮೇದರ್ ಕ್ಯಾಂಪ್‌ಗ್ರೌಂಡಲ್ಲಿ 30 ಅಡಿ ಮೀರಿದ ಗಾಡಿ ಬಿಡಲ್ಲ, ಬೇರೆ ಎಷ್ಟೋ ಪಾರ್ಕುಗಳಲ್ಲೂ ಉದ್ದದ ಗಾಡಿಗೆ ಜಾಗ ಸಿಗೋದು ಕಷ್ಟ.

ಬಾಡಿಗೆ ನೋಡುವಾಗ ದಿನದ ರೇಟ್ ಒಂದನ್ನೇ ನೋಡಬೇಡಿ. ಮೈಲಿಗೆ ಇಷ್ಟು, ಜನರೇಟರ್ ಗಂಟೆಗೆ ಇಷ್ಟು, ಪಾತ್ರೆ ಹಾಸಿಗೆ ಕಿಟ್ಟಿಗೆ ಇಷ್ಟು ಅಂತ ಬೇರೆ ಬೇರೆ ಸೇರತ್ತೆ. ಪೆಟ್ರೋಲಿಗೆ ಗ್ಯಾಲನ್ನಿಗೆ 8ರಿಂದ 10 ಮೈಲಿ ಅಂತ ಹಿಡ್ಕೊಳ್ಳಿ, ನಮ್ಮ ಸುತ್ತು ಹತ್ರ ಹತ್ರ 1,600 ಮೈಲಿ, ಅಂದ್ರೆ 180 ಗ್ಯಾಲನ್ ಆಗತ್ತೆ. ಅರಿಜೋನಾದಲ್ಲಿ ಪೆಟ್ರೋಲ್ ಕ್ಯಾಲಿಫೋರ್ನಿಯಾಗಿಂತ ಅಗ್ಗ, ಅದಕ್ಕೆ ಬಾರ್‌ಸ್ಟೋದಲ್ಲಿ ತುಂಬಿಸಿ ಗಡಿಯ ಈಚೆಗಿರೋ ನೀಡಲ್ಸ್‌ನಲ್ಲಿ ಹಾಕಿಸ್ದೆ ಮುಂದೆ ಹೋಗಿ ಕಿಂಗ್‌ಮನ್‌ನಲ್ಲಿ ಹಾಕಿಸಿ.

ಗಾಡಿ ಕೈಗೆ ಬಂದ ದಿನ ಒಳಗೆ ಹೊರಗೆ ಎಲ್ಲಾ ಫೋನಲ್ಲಿ ವೀಡಿಯೊ ಮಾಡ್ಕೊಳ್ಳಿ, ಮೀಟರ್ ಫೋಟೊ ತಗೊಳ್ಳಿ. ಗಾಡಿಯ ಎತ್ತರ ಕೇಳಿ ದೊಡ್ಡದಾಗಿ ಒಂದು ಚೀಟೀಲಿ ಬರೆದು ಡ್ರೈವರ್ ಕಣ್ಮುಂದೆ ಅಂಟಿಸಿ. ಕಾರ್ ಓಡಿಸಿ ಓಡಿಸಿ ನಮಗೆ ತಲೆ ಮೇಲೆ ನೋಡೋ ಅಭ್ಯಾಸವೇ ಇರಲ್ಲ, ಮರದ ಕೊಂಬೆ, ಹೋಟೆಲ್ಲಿನ ಡ್ರೈವ್ ಥ್ರೂ ಮೇಲಿನ ಮಾಡು, ಹಳೇ ಪೆಟ್ರೋಲ್ ಬಂಕಿನ ಸೂರು, ಇವೇ ತಾಗೋದು.

ಓಡಿಸೋದು ಕಲಿಯೋಕೆ ಒಂದು ದಿನ ಇಡಿ. ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಲಾಟಿಗೆ ಹೋಗಿ ಇಬ್ರೂ ಒಂದೊಂದು ಗಂಟೆ ತಿರುಗಿಸಿ. ಹಿಂದಿನ ಚಕ್ರದ ಆಚೆಗೂ ಬಾಡಿ ಉದ್ದ ಇರೋದ್ರಿಂದ ಎಡಕ್ಕೆ ತಿರುಗಿಸಿದ್ರೆ ಬಾಲ ಬಲಕ್ಕೆ ಬೀಸತ್ತೆ, ಪಕ್ಕದಲ್ಲಿ ಕಂಬ ಇದ್ರೆ ಹೋಯ್ತು. ರಿವರ್ಸ್ ತಗೊಳ್ವಾಗ ಒಬ್ರು ಇಳಿದು ಹಿಂದೆ ಕನ್ನಡಿಯಲ್ಲಿ ಕಾಣೋ ಜಾಗದಲ್ಲೇ ನಿಲ್ಲಬೇಕು, ಫೋನ್ ಕಾಲ್ ಆನ್ ಇರ್ಬೇಕು, ಮಾತು ಮೂರೇ, ಎಡ, ಬಲ, ನಿಲ್ಸಿ. ಹಿಂದೆ ನಿಂತವರು ಕಾಣ್ತಿಲ್ಲ ಅಂದ್ರೆ ಗಾಡಿ ನಿಲ್ಲಬೇಕು, ಅದೊಂದು ನಿಯಮ ಮುರೀಬೇಡಿ.

ದಾರಿ ಹಾಕೋದು

ನೆಂಟರ ಮನೆ ಮೊದಲು, ನೋಡೋ ಜಾಗ ಆಮೇಲೆ. ಮಗಳಿಗೆ ರಜೆ ಯಾವಾಗ, ಮಕ್ಕಳ ಸ್ಕೂಲ್ ಯಾವಾಗ ಅಂತ ಕೇಳಿ ಅಲ್ಲಿ ಶುಕ್ರವಾರ ಸಂಜೆ ತಲುಪೋ ಹಾಗೆ ಲೆಕ್ಕ ಹಾಕಿ, ಉಳಿದಿದ್ದೆಲ್ಲ ಅದರ ಹಿಂದೆ ಮುಂದೆ ಜೋಡಿಸಿ. ಆರ್‌ವಿ ಜನ 3-3-3 ಅಂತಾರೆ, ದಿನಕ್ಕೆ 300 ಮೈಲಿ ಮೀರಬಾರದು, ಮಧ್ಯಾಹ್ನ 3 ಗಂಟೆ ಒಳಗೆ ತಲುಪ್ಬೇಕು, ಒಂದೊಂದು ಕಡೆ 3 ದಿನ ಇರ್ಬೇಕು ಅಂತ. ನಮ್ಮ ವಯಸ್ಸಿಗೆ 300 ಹೆಚ್ಚಾಯ್ತು ಅನ್ನೋದು ನನ್ನ ಅಭಿಪ್ರಾಯ, 200ಕ್ಕೆ ನಿಲ್ಲಿಸಿದ್ರೆ ಕಾಲು ಊದಲ್ಲ, ಸಂಜೆ ಸ್ವಲ್ಪ ನಡೆದಾಡೋಕೂ ಜೀವ ಇರತ್ತೆ. ಮೊದಲ ದಿನ ಬೇಕರ್ಸ್‌ಫೀಲ್ಡ್ ಸುಮಾರು 250 ಮೈಲಿ, ಅದೊಂದೇ ಉದ್ದದ ದಿನ. ಮಾರನೇ ದಿನ ಟೆಹಾಚಪಿ ಘಾಟ್ ದಾಟಿ ಬಾರ್‌ಸ್ಟೋ, ಆಮೇಲೆ ಐ-40 ಹೈವೇಲಿ ನೀಡಲ್ಸ್, ಕಿಂಗ್‌ಮನ್, ವಿಲಿಯಮ್ಸ್. ಟೆಹಾಚಪಿ ಗುಡ್ಡದ ತುಂಬ ಗಾಳಿಯಂತ್ರ ನಿಲ್ಲಿಸಿದಾರಲ್ಲ, ಅದಕ್ಕೆ ಕಾರಣವಾದ ಗಾಳೀನೇ ನಿಮ್ಮ ಗಾಡಿಯ ಪಕ್ಕೆಗೂ ಹೊಡೆಯೋದು, 55ರ ಮೇಲೆ ಹೋಗ್ಬೇಡಿ, ಎರಡೂ ಕೈ ಸ್ಟೀರಿಂಗ್ ಮೇಲೆ.

ಯಾವ ತಿಂಗಳು ಅಂದ್ರೆ ಅಕ್ಟೋಬರ್ ಮೊದಲರ್ಧ. ಬೇಸಿಗೇಲಿ ಫೀನಿಕ್ಸ್ 110 ಡಿಗ್ರಿ ಫ್ಯಾರನ್‌ಹೀಟ್ ದಾಟತ್ತೆ, ಚಳಿಗಾಲದಲ್ಲಿ 6,800 ಅಡಿ ಎತ್ತರದ ವಿಲಿಯಮ್ಸಲ್ಲಿ ರಾತ್ರಿ ನೀರಿನ ಪೈಪ್ ಹೆಪ್ಪುಗಟ್ಟತ್ತೆ. ಅಕ್ಟೋಬರ್ ಕೊನೆಗೆ ಹೋದ್ರೂ ರಾತ್ರಿ ಪೈಪ್ ಬಿಚ್ಚಿ ಒಳಗಿಟ್ಕೊಂಡು ಟ್ಯಾಂಕ್ ನೀರು ಬಳಸಿ.

ಪಾರ್ಕ್ ಒಳಗಿನ ಮೇದರ್ ಕ್ಯಾಂಪ್‌ಗ್ರೌಂಡಿನ ಬುಕಿಂಗ್ ರಿಕ್ರಿಯೇಶನ್ ಡಾಟ್ ಗವ್‌ನಲ್ಲಿ ಆರು ತಿಂಗಳು ಮುಂಚೆ ಓಪನ್ ಆಗತ್ತೆ, ಆ ದಿನ ಬೆಳಿಗ್ಗೇನೇ ಕೂತು ಮಾಡಿ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದು 62 ಆಗಿದ್ರೆ ಸೀನಿಯರ್ ಪಾಸ್ ಮರೀಬೇಡಿ, 80 ಡಾಲರಿಗೆ ಜೀವಮಾನ ಪೂರ್ತಿ ನ್ಯಾಷನಲ್ ಪಾರ್ಕುಗಳ ಪ್ರವೇಶ, ಮೇದರ್ ಥರದ ಸರ್ಕಾರಿ ಕ್ಯಾಂಪ್‌ಗ್ರೌಂಡಲ್ಲಿ ಬಾಡಿಗೇನೂ ಅರ್ಧ. ಊರಿಂದ ಮಕ್ಕಳ ಮನೆಗೆ ಬಂದಿರೋ ಅಪ್ಪ ಅಮ್ಮಂದಿರಿಗೆ ಈ ಪಾಸ್ ಇಲ್ಲ. 2026ರಿಂದ ಹೊರದೇಶದವರಿಗೆ ವರ್ಷದ ಪಾಸ್ 250 ಡಾಲರ್ ಮಾಡಿದಾರೆ, ಪಾಸ್ ಇಲ್ದೆ ಹೋದ್ರೆ ಗ್ರ್ಯಾಂಡ್ ಕ್ಯಾನಿಯನ್, ಯೋಸೆಮಿಟಿ, ಜಯಾನ್ ಸೇರಿ 11 ಪಾರ್ಕುಗಳಲ್ಲಿ ತಲೆಗೆ 100 ಡಾಲರ್ ಹೆಚ್ಚಿಗೆ, ಅದನ್ನ ಮೊದಲೇ ಖರ್ಚಿಗೆ ಸೇರಿಸಿ.

ಕರೆಂಟು, ಅಡುಗೆ

ಕ್ಯಾಂಪ್ ಜಾಗದಲ್ಲಿ ಕಂಬದ ಪೆಟ್ಟಿಗೇಲಿ ಮೊದಲು ಬ್ರೇಕರ್ ಆಫ್ ಮಾಡಿ, ಆಮೇಲೆ ವೈರ್ ಚುಚ್ಚಿ, ಆಮೇಲೆ ಆನ್. ಬಿಚ್ಚುವಾಗ್ಲೂ ಆಫ್ ಮಾಡಿನೇ ಬಿಚ್ಚಿ. ಕರೆಂಟಿನ ಏರಿಳಿತ ತಡೆಯೋ ಒಂದು ಸರ್ಜ್ ಪ್ರೊಟೆಕ್ಟರ್ ಜೊತೇಲಿರಲಿ. ಕ್ಲಾಸ್ ಸಿ ಗಾಡಿಗೆ ಸಾಮಾನ್ಯವಾಗಿ 30 ಆಂಪ್ಸ್, ಅಂದ್ರೆ 120 ವೋಲ್ಟಲ್ಲಿ ಒಟ್ಟು 3,600 ವಾಟ್. ಎಸಿ ಒಂದೇ ಸುಮಾರು 1,500 ತಿನ್ನತ್ತೆ, ಅದರ ಜೊತೆ ಮೈಕ್ರೋವೇವೂ ಇನ್‌ಸ್ಟಂಟ್ ಪಾಟೂ ಹಾಕಿದ್ರೆ ಟ್ರಿಪ್ ಆಗತ್ತೆ. ಅಡುಗೆ ಹೊತ್ತಲ್ಲಿ ಎಸಿ ಆಫ್, ಅಷ್ಟೇ. ಊರಿಂದ ತಂದ 230 ವೋಲ್ಟ್ ಮಿಕ್ಸಿ ಇಲ್ಲಿ ಕೆಲಸಕ್ಕೆ ಬರಲ್ಲ, 110 ವೋಲ್ಟಿನದು ಇದ್ರೆ ತಗೊಳ್ಳಿ, ಇಲ್ದಿದ್ರೆ ಚಟ್ನಿಪುಡೀಲಿ ಕಾಲ ಕಳೀಬಹುದು.

ಒಗ್ಗರಣೆ ಹಾಕೋ ಮುಂಚೆ ಮಾಡಿನ ಮೇಲಿರೋ ಫ್ಯಾನ್ ಕಿಟಕಿ ತೆಗೀರಿ, ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡ್ಲೇ ಸ್ಮೋಕ್ ಅಲಾರಂ ಕೂಗತ್ತೆ. ಆದ್ರೆ ನೆಲದ ಹತ್ರ ಇರೋ ಗ್ಯಾಸ್ ಅಲಾರಂ ಕೂಗಿದ್ರೆ ಅದು ಒಗ್ಗರಣೆ ಅಂತ ಅಂದ್ಕೋಬೇಡಿ, ಪ್ರೊಪೇನ್ ಗಾಳಿಗಿಂತ ಭಾರ, ನೆಲದಲ್ಲೇ ಸೇರತ್ತೆ. ಇಬ್ರೂ ಹೊರಗೆ ಬನ್ನಿ, ಟ್ಯಾಂಕ್ ವಾಲ್ವ್ ಮುಚ್ಚಿ, ಆಮೇಲೆ ಮಿಕ್ಕಿದ್ದು. ಆ ವಾಲ್ವ್ ಎಲ್ಲಿದೆ ಅಂತ ಇಬ್ರೂ ಮೊದಲ ದಿನವೇ ಕೈಯಿಂದ ಮುಟ್ಟಿ ನೋಡಿರ್ಬೇಕು.

ನಾನು ಮನೆಯಿಂದ ಒಯ್ಯೋದು ಗೊಜ್ಜವಲಕ್ಕಿ ಪುಡಿ, ಪುಳಿಯೋಗರೆ ಗೊಜ್ಜು, ಎಂಟಿಆರ್ ಉಪ್ಪಿಟ್ಟು ಮಿಕ್ಸು, ಹುರಿದ ರವೆ, ಸಾರಿನ ಪುಡಿ, ಎರಡು ದಿನದ ಚಪಾತಿ. ದೋಸೆ ಹಿಟ್ಟು ಒಯ್ಯೋದಾದ್ರೆ ಮುಚ್ಚಳ ಬಿಗಿಯಾಗಿ ಕೂರೋ ಡಬ್ಬೀಲಿ ಅರ್ಧ ಮಾತ್ರ ತುಂಬಿ ಸಿಂಕಿನ ಒಳಗೆ ಇಟ್ಬಿಡಿ, ಓಡೋ ಗಾಡೀಲಿ ಮಗುಚದೇ ಇರೋ ಜಾಗ ಅದೊಂದೇ, ಮರುಭೂಮಿ ಬಿಸಿಗೆ ಸಂಜೆ ಹೊತ್ತಿಗೆ ಹಿಟ್ಟು ಉಬ್ಬಿ ಬಂದಿರತ್ತೆ. ಫ್ರಿಡ್ಜ್ ಹಿಂದಿನ ದಿನವೇ ಆನ್ ಮಾಡಿ. ಎಷ್ಟೋ ಆರ್‌ವಿ ಫ್ರಿಡ್ಜುಗಳು ಗ್ಯಾಸಲ್ಲೂ ಓಡೋ ಜಾತಿ, ಗಾಡಿ ಓರೆಯಾಗಿ ನಿಂತಿದ್ರೆ ಸರಿಯಾಗಿ ತಣ್ಣಗಾಗಲ್ಲ. ಇನ್ಸುಲಿನ್ ತಗೊಳ್ಳೋರು ಇದನ್ನ ಗಮನಿಸ್ಬೇಕು, ಚಕ್ರದ ಕೆಳಗೆ ಹಲಗೆ ಇಟ್ಟು ಮಟ್ಟ ಮಾಡಿ, ಫ್ರಿಡ್ಜ್ ಒಳಗೊಂದು ಥರ್ಮಾಮೀಟರ್ ಇಡಿ. ನಿದ್ದೇಲಿ ಉಸಿರಾಟಕ್ಕೆ ಸಿಪ್ಯಾಪ್ ಮೆಷೀನ್ ಹಾಕ್ಕೊಂಡು ಮಲಗೋರಿದ್ರೆ ಕರೆಂಟಿರೋ ಜಾಗಾನೇ ಬುಕ್ ಮಾಡಿ, ಮೇದರ್‌ನಲ್ಲಿ ಕರೆಂಟ್ ಹುಕಪ್ ಇಲ್ಲ, ಅದರ ಹತ್ರದ ಟ್ರೇಲರ್ ವಿಲೇಜಲ್ಲಿ ಕರೆಂಟು ನೀರು ಡ್ರೈನ್ ಮೂರೂ ಇದೆ.

ನೀರು, ಟ್ಯಾಂಕು

ಇದನ್ನ ಕೇಳೋಕೆ ಎಲ್ರೂ ಸಂಕೋಚ ಪಡ್ತಾರೆ, ಅದಕ್ಕೆ ನಾನೇ ಬಿಡಿಸಿ ಹೇಳ್ತೀನಿ. ಟ್ಯಾಂಕ್ ಮೂರು. ಒಳ್ಳೇ ನೀರಿಂದು, ಸಿಂಕು ಮತ್ತು ಸ್ನಾನದ ನೀರು ಸೇರೋ ಗ್ರೇ ಟ್ಯಾಂಕ್, ಟಾಯ್ಲೆಟ್ಟಿನ ಬ್ಲ್ಯಾಕ್ ಟ್ಯಾಂಕ್. ಕ್ಯಾಂಪಲ್ಲಿ ಡ್ರೈನ್ ಪೈಪ್ ಜೋಡಿಸಿದ್ರೂ ಬ್ಲ್ಯಾಕ್ ವಾಲ್ವನ್ನ ತೆರೆದಿಡಬೇಡಿ, ನೀರೆಲ್ಲ ಹರಿದುಹೋಗಿ ಗಟ್ಟಿ ಮಾತ್ರ ಒಳಗೆ ಉಳಿದು ಕಲ್ಲಾಗತ್ತೆ. ಮುಕ್ಕಾಲು ತುಂಬೋವರೆಗೂ ಮುಚ್ಚೇ ಇರ್ಬೇಕು. ನಾವು ಚೊಂಬು ಬಳಸೋ ಜನ ಅಲ್ವಾ, ಅದು ಇಲ್ಲಿ ತುಂಬ ಒಳ್ಳೇದು, ಕಾಗದ ಕಡಿಮೆ ನೀರು ಹೆಚ್ಚು ಅಂದ್ರೆ ಬ್ಲ್ಯಾಕ್ ಟ್ಯಾಂಕ್ ಸಲೀಸಾಗಿ ಖಾಲಿಯಾಗತ್ತೆ, ಬೇಗ ತುಂಬೋದೊಂದು ನೋಡ್ಕೊಂಡ್ರೆ ಆಯ್ತು.

ಖಾಲಿ ಮಾಡೋ ಕ್ರಮ ಹೀಗೆ. ಗ್ಲೌಸ್ ಹಾಕ್ಕೊಳ್ಳಿ. ಪೈಪಿನ ಒಂದು ತುದಿ ನೆಲದ ತೂತಿಗೆ, ಅದು ಎದ್ದು ಬರದ ಹಾಗೆ ಮೇಲೊಂದು ಕಲ್ಲು ಇಡಿ, ಇನ್ನೊಂದು ತುದಿ ಗಾಡಿಗೆ ತಿರುಗಿಸಿ ಕಟ್ಟಿ, ಒಂದ್ಸಲ ಎಳೆದು ನೋಡಿ. ಮೊದಲು ಬ್ಲ್ಯಾಕ್ ವಾಲ್ವ್ ಎಳೀರಿ, ಸದ್ದು ನಿಲ್ಲೋವರೆಗೂ ಕಾಯಿರಿ, ಮುಚ್ಚಿ. ಆಮೇಲೆ ಗ್ರೇ, ಆ ಸೋಪಿನ ನೀರು ಹೋಗ್ತಾ ಪೈಪನ್ನೂ ತೊಳೆಯತ್ತೆ, ಅದಕ್ಕೇ ಈ ಕ್ರಮ. ಕೊನೆಗೆ ಟಾಯ್ಲೆಟ್ಟಿಗೆ ಒಂದೆರಡು ಗ್ಯಾಲನ್ ನೀರು ಬಿಟ್ಟು ಕೆಮಿಕಲ್ ಹಾಕಿ. ಬಗ್ಗೋ ಬದಲು ಒಂದು ಸಣ್ಣ ಮಡಚೋ ಸ್ಟೂಲ್ ಇಟ್ಕೊಂಡು ಕೂತು ಮಾಡಿ, ಯಜಮಾನ್ರ ಸೊಂಟದ ಪ್ರಸಂಗ ಆದ್ಮೇಲೆ ನಾವು ಮಾಡ್ಕೊಂಡ ವ್ಯವಸ್ಥೆ ಇದು.

ಕುಡಿಯೋ ನೀರಿಗೆ ಬಿಳೀ ಪೈಪ್ ಬೇರೆ, ಅದನ್ನ ಡ್ರೈನ್ ಹತ್ರದ ನಲ್ಲಿಗೆ ಯಾವತ್ತೂ ಹಾಕಬಾರದು. ಪ್ರೆಶರ್ ರೆಗ್ಯುಲೇಟರ್ ಹಾಕಿ, ಕೆಲವು ಕಡೆ ನೀರಿನ ರಭಸಕ್ಕೆ ಒಳಗಿನ ಪೈಪ್ ಒಡೆಯತ್ತೆ. ಸಾರಿನ ಗಸಿ, ಎಣ್ಣೆ ಪಸೆ ಸಿಂಕಿಗೆ ಬಿಡ್ದೆ ಮೊದಲು ಪೇಪರಲ್ಲಿ ಒರೆಸಿ ಕಸಕ್ಕೆ ಹಾಕಿ, ಇಲ್ದಿದ್ರೆ ಮೂರನೇ ದಿನಕ್ಕೆ ಗ್ರೇ ಟ್ಯಾಂಕ್ ನಾರತ್ತೆ.

ಹೊರಡೋ ಬೆಳಿಗ್ಗೆ ಒಬ್ರು ಪಟ್ಟಿ ಓದ್ಬೇಕು, ಇನ್ನೊಬ್ರು ಒಂದೊಂದನ್ನೂ ಕೈಯಲ್ಲಿ ಮುಟ್ಟಿ ಆಯ್ತು ಅನ್ಬೇಕು. ವೈರ್, ನೀರಿನ ಪೈಪ್, ಡ್ರೈನ್ ಪೈಪ್, ಮಾಡಿನ ಕಿಟಕಿ, ಮೆಟ್ಟಿಲು, ಫ್ರಿಡ್ಜ್ ಚಿಲಕ, ಗ್ಯಾಸ್, ಚಕ್ರದ ಹಲಗೆ. ಮಾರನೇ ದಿನ ಓದೋರು ಮುಟ್ಟೋರು ಅದಲು ಬದಲು.

ಗ್ರ್ಯಾಂಡ್ ಕ್ಯಾನಿಯನ್

ಪಾರ್ಕ್ ಒಳಗೆ ಜಾಗ ಸಿಗ್ಲಿಲ್ಲ ಅಂದ್ರೆ ಬೇಜಾರಾಗ್ಬೇಡಿ, ವಿಲಿಯಮ್ಸಲ್ಲಿ ಆರ್‌ವಿ ನಿಲ್ಲಿಸಿ ಟ್ರೇನಲ್ಲಿ ಹೋಗಿ, ನನಗಂತೂ ಅದೇ ಹೆಚ್ಚು ಹಿಡಿಸ್ತು. ಗ್ರ್ಯಾಂಡ್ ಕ್ಯಾನಿಯನ್ ರೈಲ್ವೆ 1901ರಲ್ಲಿ ಶುರುವಾಗಿದ್ದು, 1968ರಲ್ಲಿ ನಿಂತು ಮತ್ತೆ 1989ರಲ್ಲಿ ಎದ್ದು ಬಂತು. 65 ಮೈಲಿ, ಎರಡೂಕಾಲು ಗಂಟೆ ದಾರಿ, ಬೆಳಿಗ್ಗೆ ಹೋಗಿ ಸಂಜೆ ವಾಪಸ್, ಪಾರ್ಕಿಂಗ್ ತಲೆನೋವಿಲ್ಲ. ವಿಲಿಯಮ್ಸ್ ಊರೂ ಚೆಂದ, ರೂಟ್ 66 ಅನ್ನೋ ಹಳೇ ಹೆದ್ದಾರಿಯ ಊರುಗಳಲ್ಲಿ ಹೊಸ ಹೈವೇ ಬಂದು ಎಲ್ಲಕ್ಕಿಂತ ಕೊನೆಗೆ ಪಕ್ಕಕ್ಕೆ ಸರಿದ ಊರು ಅದು, 1984ರಲ್ಲಿ.

ಸೌತ್ ರಿಮ್, ಅಂದ್ರೆ ಕಣಿವೆಯ ದಕ್ಷಿಣದ ಅಂಚು, ಸುಮಾರು 7,000 ಅಡಿ ಎತ್ತರ. ಮೊದಲ ದಿನ ಉಸಿರು ಬೇಗ ಹಿಡಿಯತ್ತೆ, ನೀರು ಜಾಸ್ತಿ ಕುಡೀರಿ, ಬಿಪಿ ಹಾರ್ಟ್ ತೊಂದರೆ ಇರೋರು ಹೊರಡೋ ಮುಂಚೆ ಡಾಕ್ಟರನ್ನ ಕೇಳಿ. ಕಣಿವೆಯೊಳಗೆ ಇಳಿಯೋ ದಾರಿ ಸುಲಭ ಅನ್ಸತ್ತೆ, ವಾಪಸ್ ಹತ್ತೋದು ಜೀವ ಹಿಂಡತ್ತೆ, ಇಳೀಬೇಡಿ. ಅಂಚಿನ ಮೇಲೆ ಯಾವಪಾಯ್ ಮ್ಯೂಸಿಯಂನಿಂದ ವಿಲೇಜ್ ಕಡೆಗೆ ಸಿಮೆಂಟಿನ ಥರ ಮಟ್ಟಸ ದಾರಿ ಇದೆ, ಟ್ರೇಲ್ ಆಫ್ ಟೈಮ್ ಅಂತ, ಒಂದು ಮೀಟರಿಗೆ ಹತ್ತು ಲಕ್ಷ ವರ್ಷದ ಲೆಕ್ಕ. ದಾರಿಯುದ್ದಕ್ಕೂ ಕಣಿವೆಯ ಒಂದೊಂದು ಪದರದ ಕಲ್ಲನ್ನೂ ತಂದು ನಿಲ್ಲಿಸಿದಾರೆ, ಮುಟ್ಟಬಹುದು. ನಡೀತಾ ನಡೀತಾ ಒಂದು ಕಪ್ಪು ಮಿಶ್ರಿತ ಕಲ್ಲಿನ ಹೆಸರು ಓದಿದ್ರೆ ವಿಷ್ಣು ಶಿಸ್ಟ್! ಕಣಿವೆಯ ತಳದ ಕಲ್ಲು, ಸುಮಾರು 170 ಕೋಟಿ ವರ್ಷ ಹಳೇದು. ಎದುರಿನ ಶಿಖರಗಳ ಹೆಸರೂ ವಿಷ್ಣು ಟೆಂಪಲ್, ಶಿವ ಟೆಂಪಲ್, ಬ್ರಹ್ಮ ಟೆಂಪಲ್. 19ನೇ ಶತಮಾನದಲ್ಲಿ ಇಲ್ಲಿ ಸರ್ವೇ ಮಾಡಿದ ಕ್ಲಾರೆನ್ಸ್ ಡಟ್ಟನ್ ಅನ್ನೋ ಭೂವಿಜ್ಞಾನಿ ಈ ಥರ ಹೆಸರಿಡೋ ರೂಢಿ ಹಾಕಿದ್ದು. ಯಜಮಾನ್ರು ಚಪ್ಪಲಿ ಪಕ್ಕಕ್ಕೆ ಬಿಟ್ಟು ಆ ಕಲ್ಲನ್ನ ಮುಟ್ಟಿ ಕಣ್ಣಿಗೊತ್ಕೊಂಡ್ರು, ನಾನೂ ಒತ್ಕೊಂಡೆ, ತಣ್ಣಗೆ ನುಣ್ಣಗೆ ಇತ್ತು. ಅವಸರ ಮಾಡ್ಬೇಡಿ ಅಲ್ಲಿ. ಕಾಲು ಸೋತ್ರೆ ಶಟಲ್ ಬಸ್ ಫ್ರೀ.

ಘಾಟ್ ಇಳಿಯೋದು

ಇನ್ನು ಮಗಳ ಮನೆ ಕಡೆಗೆ ಹೋಗೋ ದಾರಿ, ಫ್ಲಾಗ್‌ಸ್ಟಾಫ್ 6,900 ಅಡಿ, ಫೀನಿಕ್ಸ್ 1,100 ಅಡಿ, ನಡುವೆ ಐ-17ರಲ್ಲಿ ಸುಮಾರು 145 ಮೈಲಿ. ಈ ಪ್ರಯಾಣದಲ್ಲಿ ನಿಜವಾಗಿ ಎಚ್ಚರ ಬೇಕಾಗೋದು ಇಲ್ಲೇ. ಇಳಿಜಾರು ಶುರುವಾಗೋ ಮುಂಚೇನೇ ಟೋ ಹಾಲ್ ಅಂತ ಬರೆದಿರೋ ಬಟನ್ ಒತ್ತಿ, ಬೇಕಾದ್ರೆ ಕೆಳಗಿನ ಗೇರಿಗೆ ಹಾಕಿ, ಎಂಜಿನ್ ಜೋರಾಗಿ ಕೂಗತ್ತೆ, ಹೆದರಬೇಡಿ, ಅದು ಗಾಡೀನ ಹಿಡೀತಿದೆ ಅಂತ ಅರ್ಥ. ಬ್ರೇಕ್ ಮೇಲೆ ಕಾಲು ಇಟ್ಕೊಂಡೇ ಇರಬಾರದು, ಕಾದು ಬ್ರೇಕೇ ಹಿಡಿಯಲ್ಲ. ಒಂದ್ಸಲ ಗಟ್ಟಿಯಾಗಿ ಒತ್ತಿ ಸ್ಪೀಡ್ ಇಳಿಸಿ, ಪೂರ್ತಿ ಬಿಡಿ, ಮತ್ತೆ ಏರಿದ್ರೆ ಮತ್ತೆ ಒತ್ತಿ. ಹಿಂದಿನವರು ಹಾರ್ನ್ ಮಾಡಿದ್ರೆ ಮಾಡ್ಲಿ, ಬಲಗಡೆ ಲೇನಲ್ಲೇ ಇರಿ. ಸನ್‌ಸೆಟ್ ಪಾಯಿಂಟ್ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಕಾಫಿ ಕುಡಿದು ಡ್ರೈವರ್ ಬದಲಾಯಿಸಿ.

ಗಡಿಯಾರದ ವಿಷಯ, ಅರಿಜೋನಾದಲ್ಲಿ ಬೇಸಿಗೆ ಸಮಯ ಅಂತ ಒಂದು ಗಂಟೆ ಮುಂದೆ ಮಾಡೋ ಪದ್ಧತಿ ಇಲ್ಲ, ಅಕ್ಟೋಬರಲ್ಲಿ ಕ್ಯಾಲಿಫೋರ್ನಿಯಾ ಟೈಮೇ ಇರತ್ತೆ, ನವೆಂಬರಲ್ಲಿ ಗಡಿಯಾರ ಬದಲಾದ್ಮೇಲೆ ಒಂದು ಗಂಟೆ ಮುಂದೆ.

ಮಗಳ ಮನೆ

ಎಷ್ಟೋ ಬಡಾವಣೆಗಳಲ್ಲಿ ಹೋಮ್ ಓನರ್ಸ್ ಅಸೋಸಿಯೇಶನ್ ಆರ್‌ವಿ ನಿಲ್ಲಿಸೋಕೆ ಬಿಡಲ್ಲ, ಬಿಟ್ರೂ ಒಂದೆರಡು ದಿನ ಅಷ್ಟೇ. ಹೊರಡೋ ಮುಂಚೆ ಮಕ್ಕಳಿಗೆ ಹೇಳಿ ನಿಯಮ ಓದಿಸಿ, ಡ್ರೈವ್‌ವೇ ಉದ್ದ ಅಳೆಸಿ, ಇಳಿಜಾರಿನ ಫೋಟೊ ತರಿಸ್ಕೊಳ್ಳಿ. ಮನೆಯ ಮಾಮೂಲಿ ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಚುಚ್ಚಿದ್ರೆ ಲೈಟು, ಫ್ರಿಡ್ಜು ನಡೆಯತ್ತೆ, ಎಸಿ ಹಾಕಬೇಡಿ. ನಾವು ಎರಡು ರಾತ್ರಿ ಡ್ರೈವ್‌ವೇಲಿ, ಆಮೇಲೆ ಹತ್ರದ ಆರ್‌ವಿ ಪಾರ್ಕಲ್ಲಿ.

ಹೀಗಿರೋದ್ರಲ್ಲಿ ಒಂದು ನೆಮ್ಮದಿ ಇದೆ, ಅದನ್ನ ಹೇಳ್ಲೇಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಕಾಫಿ ಮಾಡ್ಕೊಂಡ್ರೆ ಅಳಿಯನ ನಿದ್ದೆ ಕೆಡಲ್ಲ. ಅವರ ಆಫೀಸ್ ಮೀಟಿಂಗ್ ಹೊತ್ತಲ್ಲಿ ನಾವು ನಮ್ಮ ಮನೆಯಲ್ಲೇ ಇರ್ತೀವಿ. ಮಗಳಿಗೆ ರೂಮು ಖಾಲಿ ಮಾಡೋ, ಹಾಸಿಗೆ ಹಾಸೋ ಕೆಲಸ ಇಲ್ಲ. ಊಟಕ್ಕೆ ಒಳಗೆ, ಮಲಗೋಕೆ ಹೊರಗೆ ಅಂತ ಮೊದಲೇ ಹೇಳಿಬಿಡಿ, ಹೇಳದೇ ಇದ್ರೆ ಅಮ್ಮ ಮುನಿಸ್ಕೊಂಡು ಹೊರಗೆ ಮಲಗಿದ್ಲೇನೋ ಅಂತ ಅವರಿಗೆ ಅನ್ಸತ್ತೆ, ನನ್ನ ಮಗಳಿಗೆ ಮೊದಲನೇ ಸಲ ಹಾಗೇ ಅನ್ಸಿತ್ತು. ಮೊಮ್ಮಕ್ಕಳು ಎರಡು ರಾತ್ರೀನೂ ನಮ್ಮ ಜೊತೇನೇ ಮಲಗಿದ್ರು. ಗಾಡಿ ಓಡುವಾಗ ಮಾತ್ರ ಅವರು ಮುಂದಕ್ಕೆ ಮುಖ ಮಾಡಿರೋ ಸೀಟಲ್ಲಿ ಬೆಲ್ಟ್ ಹಾಕಿ ಕೂರ್ಬೇಕು, ಮೇಲಿನ ಮಂಚ ನಿಂತಾಗ ಮಾತ್ರ.

ಟೆಂಪೆಯಲ್ಲಿ ಉಡುಪಿ ಪುತ್ತಿಗೆ ಮಠದ ವೆಂಕಟಕೃಷ್ಣ ಕ್ಷೇತ್ರ ಇದೆ, ಚಾಂಡ್ಲರಿಂದ ಹತ್ರ. ಅಲ್ಲಿಗೆ ಮಗಳ ಕಾರಲ್ಲೇ ಹೋದ್ವಿ, ಊರೊಳಗೆ 25 ಅಡಿ ಗಾಡಿಗೆ ಪಾರ್ಕಿಂಗ್ ಹುಡುಕೋದು ಬೇಡ.

ವಾಪಸ್ ಬರುವಾಗ

ಐ-10ರಲ್ಲಿ ಕ್ವಾರ್ಟ್ಜ್‌ಸೈಟ್ ದಾಟಿ ಬ್ಲೈತ್ ಹತ್ರ ಕ್ಯಾಲಿಫೋರ್ನಿಯಾದ ಕೃಷಿ ತಪಾಸಣೆ ಗೇಟ್ ಬರತ್ತೆ. ಮಗಳು ಹಿತ್ತಲಿಂದ ಕರಿಬೇವು, ನಿಂಬೆಹಣ್ಣು ಚೀಲ ತುಂಬಿ ಕೊಡ್ತಾಳೆ, ತರಬೇಡಿ. ಕರಿಬೇವು ನಿಂಬೆ ಕುಟುಂಬದ ಗಿಡ, ಅದರ ಮೇಲಿರೋ ಏಷ್ಯನ್ ಸಿಟ್ರಸ್ ಸಿಲ್ಲಿಡ್ ಅನ್ನೋ ಸಣ್ಣ ಕೀಟ ಕಿತ್ತಳೆ ನಿಂಬೆ ತೋಟಗಳಿಗೆ ರೋಗ ಹರಡತ್ತೆ, ಒಂದು ಎಸಳಿಂದ ಯಾರೋ ರೈತರ ತೋಟ ಹೋಗಬಾರದು. ಬಿಸಿಲಲ್ಲಿ ಒಣಗಿಸಿ ಚಟ್ನಿಪುಡಿ ಮಾಡಿಸಿ ತನ್ನಿ, ನಾನು ಮಾಡೋದು ಹಾಗೇ.

ಅರ್ವೈನಲ್ಲಿ ನಾದಿನಿ ಮನೆ ಅಪಾರ್ಟ್‌ಮೆಂಟು, ಆರ್‌ವಿ ನಿಲ್ಲಿಸೋಕೆ ಆಗಲ್ಲ, ಅದಕ್ಕೆ ಹತ್ರದ ಪಾರ್ಕಲ್ಲಿ ನಿಲ್ಲಿಸಿ ಅವರನ್ನೇ ನಮ್ಮ ಮನೆಗೆ ಊಟಕ್ಕೆ ಕರೆದ್ವಿ. ಬಿಸಿಬೇಳೆ ಬಾತು, ಹೊರಗೆ ಮಡಚೋ ಟೇಬಲ್ಲು, ರಾತ್ರಿ ಹನ್ನೊಂದಾದ್ರೂ ಯಾರೂ ಏಳ್ಲಿಲ್ಲ. ಲಾಸ್ ಏಂಜಲೀಸ್ ದಾಟೋದಾದ್ರೆ ಭಾನುವಾರ ಬೆಳಿಗ್ಗೆ ಆರಕ್ಕೆ ಬಿಡಿ, ಬೇರೆ ಹೊತ್ತು ಬೇಡ. 101ರಲ್ಲಿ ಪಿಸ್ಮೋ ಬೀಚ್ ಹತ್ರ ಒಂದು ರಾತ್ರಿ ಇದ್ದು ಮನೆಗೆ.

ಗಾಡಿ ವಾಪಸ್ ಕೊಡೋ ಹಿಂದಿನ ದಿನ ಕೊನೇ ಕ್ಯಾಂಪಲ್ಲೇ ಎರಡೂ ಟ್ಯಾಂಕ್ ಖಾಲಿ ಮಾಡಿ, ಇಲ್ದಿದ್ರೆ ಅದಕ್ಕೂ ದುಡ್ಡು ಹಾಕ್ತಾರೆ. ಮೀಟರ್, ಪೆಟ್ರೋಲ್ ಮುಳ್ಳು, ನಾಲ್ಕೂ ಮೂಲೆ ಫೋಟೊ. ಮೇಲಿನ ಮಂಚದ ಹಾಸಿಗೆ ಎತ್ತಿ ನೋಡಿ, ಹೋದ ಸಲ ಅಲ್ಲಿ ಮೊಮ್ಮಗಳ ಒಂದು ಕಾಲುಚೀಲ, ಅವಳ ಕನ್ನಡ ಅಕ್ಷರಾಭ್ಯಾಸದ ಪುಸ್ತಕ ಸಿಕ್ತು. ಪುಸ್ತಕದ ಕೊನೇ ಹಾಳೇಲಿ ನಾವು ಹೊರಡುವಾಗ ಓದೋ ಪಟ್ಟೀನ ಅವಳು ಕೇಳಿಸ್ಕೊಂಡು ಬರೆದಿದ್ಲು, ವೈರ್, ಪೈಪ್, ಕಿಟಕಿ, ಮೆಟ್ಟಿಲು ಅಂತ. ಆ ಹಾಳೇನ ಪ್ಲಾಸ್ಟಿಕ್ ಹಾಕ್ಸಿ ಇಟ್ಟಿದೀನಿ, ಈ ಅಕ್ಟೋಬರಲ್ಲಿ ಅದನ್ನೇ ಬಾಗಿಲ ಪಕ್ಕ ಅಂಟಿಸ್ಕೊಂಡು ಹೊರಡ್ತೀವಿ.